ಸಕ್ಕರೆ ಮನೆತನದ ಹೆಣ್ಣುಮಕ್ಕಳು

ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದ ಮೊದಲ ಹೆಣ್ಣುಮಗಳು ಯಾರು ಎಂಬುದು ರಸಪ್ರಶ್ನೆಗೆಂದೇ ಹೇಳಿ ಮಾಡಿಸಿದ ಪ್ರಶ್ನೆ. ಎಲಿಜಬೆತ್ ಬ್ಲ್ಯಾಕ್‌ವೆಲ್, 1849. ಅಲ್ಲಿಗೆ ಉತ್ತರ ಮುಗಿಯಿತು. 1974ರಲ್ಲಿ ಅಮೆರಿಕದ ಅಂಚೆ ಇಲಾಖೆ ಆಕೆಯ ಚಿತ್ರವಿರುವ ಚೀಟಿ ತಂದಿತು. ಅದರಲ್ಲೂ ಒಂದೇ ಮುಖ. ಕಾಲೇಜಿನ ಮೇಲೆ ಕಾಲೇಜು ಬಾಗಿಲು ಹಾಕಿದರೂ ಹಠ ಬಿಡದೆ ಒಬ್ಬಂಟಿಯಾಗಿ ಗೆದ್ದ ಹುಡುಗಿ ಎಂಬ ಕಥೆ ಶಾಲಾ ಮಕ್ಕಳಿಗೂ ಇಷ್ಟ, ಭಾಷಣಕಾರರಿಗೂ ಇಷ್ಟ.

ಈ ಕಥೆ ಸುಳ್ಳೆಂದು ಯಾರೂ ಹೇಳುವಂತಿಲ್ಲ. ಆದರೆ ಅರ್ಧ ಮಾತ್ರ ಹೇಳಿದ ಕಥೆ ಇದು. ಎಲಿಜಬೆತ್ ಅಮೆರಿಕದಲ್ಲಿ ಹುಟ್ಟಿದವಳಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಬಂದರಿನಿಂದ ಹನ್ನೊಂದನೇ ವಯಸ್ಸಿನಲ್ಲಿ ಹಡಗು ಹತ್ತಿ ಬಂದ ವಲಸಿಗರ ಮಗಳು. ಆಕೆಯ ಜೊತೆ ಬಂದದ್ದು ಒಂದು ದೊಡ್ಡ ಸಂಸಾರ. ಅದರಲ್ಲಿ ವ್ಯಾಪಾರ ಕುಸಿಯುತ್ತಿದ್ದ ಅಪ್ಪ, ಒಂಬತ್ತು ಮಕ್ಕಳ ತಾಯಿ, ಮದುವೆಯಾಗದ ಸೋದರತ್ತೆಯರು, ಒಬ್ಬರಿಗಿಂತ ಒಬ್ಬರು ಹಠಮಾರಿಗಳಾದ ಅಕ್ಕತಂಗಿಯರು ಎಲ್ಲರೂ ಇದ್ದರು. ಮುಂದೆ ಒಬ್ಬ ಅನಾಥ ಹುಡುಗಿಯೂ ಈ ಮನೆ ಸೇರಿದಳು. ‘ಮೊದಲಿಗಳು’ ಎಂಬ ಹಾರವನ್ನು ಒಬ್ಬಳ ಕೊರಳಿಗೆ ಹಾಕುವ ಮುನ್ನ ಆ ಮನೆಯ ಲೆಕ್ಕದ ಪುಸ್ತಕವನ್ನು ಒಮ್ಮೆ ತೆರೆದು ನೋಡಬೇಕು. ಯಾರ ದುಡ್ಡು ಖರ್ಚಾಯಿತು, ಯಾರು ಮನೆಯಲ್ಲೇ ಉಳಿದರು, ಯಾರ ಹೆಸರು ಬಿಟ್ಟುಹೋಯಿತು ಎಂಬುದೆಲ್ಲ ಅದರಲ್ಲಿದೆ.

ಎಲಿಜಬೆತ್ ಹುಟ್ಟಿದ್ದು 1821ರ ಫೆಬ್ರುವರಿ 3ರಂದು. ಅಪ್ಪ ಸ್ಯಾಮ್ಯುಯೆಲ್ ಬ್ಲ್ಯಾಕ್‌ವೆಲ್ ಬ್ರಿಸ್ಟಲ್‌ನಲ್ಲಿ ಕಚ್ಚಾ ಸಕ್ಕರೆ ತರಿಸಿ ಶುದ್ಧಗೊಳಿಸಿ ಮಾರುವ ವ್ಯಾಪಾರಿ. ಆ ಕಾಲದ ಬ್ರಿಸ್ಟಲ್ ಬೆಳೆದದ್ದೇ ಗುಲಾಮರ ವ್ಯಾಪಾರ ಮತ್ತು ಸಕ್ಕರೆಯಿಂದ. ವೆಸ್ಟ್ ಇಂಡೀಸ್‌ನ ತೋಟಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದವರು ಮತ್ತು ಅವರ ಮಕ್ಕಳು ಚಾಟಿಯೇಟು ತಿಂದು ಕಬ್ಬು ಕಡಿದರೆ, ಅದರ ರಸ ಕಂದು ಸಕ್ಕರೆಯಾಗಿ ಪೀಪಾಯಿಗಳಲ್ಲಿ ಈ ಬಂದರಿಗೆ ಬಂದು ಇಳಿಯುತ್ತಿತ್ತು. ಹೀಗಿರುವಾಗ ಸ್ಯಾಮ್ಯುಯೆಲ್ ಗುಲಾಮಗಿರಿಯ ಕಟ್ಟಾ ವಿರೋಧಿ. ಮನೆಯಲ್ಲಿ ಊಟ ಬರುತ್ತಿದ್ದುದು ಸಕ್ಕರೆಯಿಂದ, ಊಟದ ಹೊತ್ತಿನ ಮಾತು ಆ ಸಕ್ಕರೆಯ ಪಾಪದ ಬಗ್ಗೆ. ಗುಲಾಮರ ಬೆವರಿನ ವಸ್ತುವೆಂದು ಮಕ್ಕಳು ತಾವಾಗಿಯೇ ಒಂದು ಹಂತದಲ್ಲಿ ಸಕ್ಕರೆ ತಿನ್ನುವುದನ್ನೇ ಬಿಟ್ಟರು. ಅಪ್ಪ ವ್ಯಾಪಾರ ಬಿಡಲಿಲ್ಲ. ಗುಲಾಮರ ಕೈ ಸೋಕದ ಬೀಟ್‌ರೂಟ್ ಸಕ್ಕರೆ ಮಾಡಬೇಕೆಂಬ ಕನಸು ಆತನಿಗಿತ್ತು. ಅದು ಕೈಗೂಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮಗ ಹೆನ್ರಿ ಅಮೆರಿಕದಲ್ಲಿ ಅದೇ ಬೀಟ್‌ರೂಟಿಗೆ ಕೈ ಹಾಕಿದ.

ಬ್ಲ್ಯಾಕ್‌ವೆಲ್ ಕುಟುಂಬ ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದ ಪಂಗಡದ್ದು. ಅಂಥವರ ಗಂಡುಮಕ್ಕಳಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವಿ ಸಿಗುತ್ತಿರಲಿಲ್ಲ. ಹಾಗಾಗಿ ಮನೆಗೇ ಮೇಷ್ಟ್ರುಗಳು ಬಂದರು. ಗಂಡು, ಹೆಣ್ಣು ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಪಾಠ. ಗಂಡುಮಕ್ಕಳ ಪಾಲಿಗೆ ಮುಚ್ಚಿದ ಬಾಗಿಲು ಹೆಣ್ಣುಮಕ್ಕಳಿಗೆ ಹೀಗೆ ಬೇರೊಂದು ಕಡೆಯಿಂದ ತೆರೆದುಕೊಂಡಿತು ಎನ್ನಬಹುದು. ಶಿಸ್ತಿನ ಉಸ್ತುವಾರಿ ಸೋದರತ್ತೆ ಬಾರ್ಬರಾಳದು. ಆಕೆ ಮಕ್ಕಳನ್ನು ಹೊಡೆಯುತ್ತಿರಲಿಲ್ಲ. ಕಪ್ಪು ಪುಸ್ತಕವೊಂದನ್ನು ಇಟ್ಟುಕೊಂಡು, ಯಾರು ಯಾವ ತಪ್ಪು ಮಾಡಿದರೆಂದು ಬರೆದಿಡುತ್ತಿದ್ದಳು. ತಪ್ಪುಗಳು ಒಟ್ಟಾದರೆ ಊಟದ ಹೊತ್ತಿನಲ್ಲಿ ಅಟ್ಟದ ಕೋಣೆಯಲ್ಲಿ ವಾಸ. ಬರೆದಿಡುವ ಚಟ ಈ ಮನೆಯವರಿಗೆ ಅಂಟಿದ್ದು ಆ ಅತ್ತೆಯಿಂದಲೋ ಏನೋ!

1831ರ ಅಕ್ಟೋಬರ್ ಕೊನೆಯಲ್ಲಿ ಬ್ರಿಸ್ಟಲ್ ಹೊತ್ತಿ ಉರಿಯಿತು. ಮತದಾನದ ಹಕ್ಕನ್ನು ವಿಸ್ತರಿಸುವ ಸುಧಾರಣಾ ಮಸೂದೆಯನ್ನು ಲಾರ್ಡ್ಸ್ ಸಭೆ ತಳ್ಳಿಹಾಕಿತ್ತು. ರೊಚ್ಚಿಗೆದ್ದ ಜನ ಮೂರು ದಿನ ಊರನ್ನು ಸೂರೆ ಮಾಡಿದರು, ಬಿಷಪ್ಪನ ಅರಮನೆಯನ್ನೇ ಸುಟ್ಟರು. ಸ್ಯಾಮ್ಯುಯೆಲ್‌ನ ಕಾರ್ಖಾನೆಯೂ ಬೆಂಕಿಯ ನಷ್ಟ ಕಂಡಿತ್ತು, ವ್ಯಾಪಾರ ಕುಸಿಯುತ್ತಿತ್ತು. ಮರುವರ್ಷ ಆಗಸ್ಟಿನಲ್ಲಿ ಇಡೀ ಸಂಸಾರ ‘ಕಾಸ್ಮೋ’ ಎಂಬ ಹಡಗು ಹತ್ತಿತು. ಎಂಟು ಮಕ್ಕಳು, ಅತ್ತೆಯರು, ಮನೆಪಾಠದ ಟೀಚರು, ಕೆಲಸದವರು. ತಾಯಿ ಹ್ಯಾನಾ ಆಗ ತುಂಬು ಗರ್ಭಿಣಿ. ಅದು ಕಾಲರಾ ವರ್ಷ. ಹಡಗಿನ ಕೆಳಅಂತಸ್ತಿನಲ್ಲಿ ಕಿಕ್ಕಿರಿದಿದ್ದ ಬಡ ಪ್ರಯಾಣಿಕರಲ್ಲಿ ಸಾವುಗಳಾದವು. ಏಳು ವಾರಕ್ಕೂ ಮಿಕ್ಕಿದ ಪಯಣದ ಕೊನೆಗೆ ಸಿಕ್ಕ ನ್ಯೂಯಾರ್ಕ್ ಕೂಡ ಅದೇ ಬೇಸಿಗೆಯಲ್ಲಿ ಕಾಲರಾ ಕಂಡು ಕಂಗೆಟ್ಟಿದ್ದ ಊರು. ಅಲ್ಲಿ ಹುಟ್ಟಿದ ಒಂಬತ್ತನೆಯ ಕೂಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಜಾರ್ಜ್ ವಾಷಿಂಗ್ಟನ್ ಬ್ಲ್ಯಾಕ್‌ವೆಲ್. ಹೊಸ ದೇಶಕ್ಕೆ ಕೊಟ್ಟ ಮುಚ್ಚಳಿಕೆಯಂಥ ಹೆಸರು.

ಒಂಬತ್ತು ಮಕ್ಕಳನ್ನು ಹೆತ್ತು ಉಳಿಸಿಕೊಂಡ ಈ ಹ್ಯಾನಾ ಸರ್ಕಾರಿ ಕಡತಗಳಲ್ಲಿ ಸಿಗುವುದು ಎಷ್ಟು? ಬಂದಿಳಿದ ಪ್ರಯಾಣಿಕರ ಪಟ್ಟಿಯನ್ನು ಹಡಗಿನ ಕ್ಯಾಪ್ಟನ್ ಒಪ್ಪಿಸಬೇಕೆಂಬ ಕಾನೂನು 1820ರಿಂದ ಜಾರಿಯಲ್ಲಿತ್ತು. ಅದರಲ್ಲಿ ಹೆಸರು, ವಯಸ್ಸು, ಉದ್ಯೋಗದ ಕಲಮುಗಳಿರುತ್ತಿದ್ದವು. ಹೆಂಗಸರ ಉದ್ಯೋಗದ ಕಲಂ ಬಹಳಷ್ಟು ಸಲ ಖಾಲಿ. ಜನಗಣತಿಯದು ಇನ್ನೂ ಕಡೆ. 1840ರವರೆಗಿನ ಅಮೆರಿಕದ ಜನಗಣತಿಯಲ್ಲಿ ಮನೆಯ ಯಜಮಾನನ ಹೆಸರಷ್ಟೇ ಬರೆಯುತ್ತಿದ್ದರು. ಹೆಂಡತಿ, ಮಕ್ಕಳು, ಅತ್ತೆಯರೆಲ್ಲ ವಯಸ್ಸಿನ ಗುಂಪಿಗೆ ತಕ್ಕಂತೆ ಬರೀ ಅಂಕಿ. ಮನೆಯ ಪ್ರತಿಯೊಬ್ಬರ ಹೆಸರು ದಾಖಲಾಗತೊಡಗಿದ್ದು 1850ರಲ್ಲಿ. ಆಗಲೂ ಅದು ಸ್ವತಂತ್ರರಿಗೆ ಮಾತ್ರ. ಗುಲಾಮರನ್ನು ಬೇರೆ ಹಾಳೆಯಲ್ಲಿ ಒಡೆಯನ ಹೆಸರಿನ ಕೆಳಗೆ ಲಿಂಗ, ವಯಸ್ಸು, ಮೈಬಣ್ಣ ನಮೂದಿಸಿ ಎಣಿಸಿದರು. ಮದುವೆಯಾದ ಹೆಂಗಸಿಗೆ ಇನ್ನೊಂದು ತೊಡಕು: ಮನೆತನದ ಹೆಸರು ಬದಲಾದ ಕೂಡಲೇ ವಂಶದ ಜಾಡು ಹುಡುಕುವವರ ಕೈಗೆ ಆಕೆ ಸಿಗುವುದಿಲ್ಲ. ಇಂಗ್ಲೆಂಡಿನಿಂದ ಆ ಶತಮಾನದಲ್ಲಿ ಕಡಲು ದಾಟಿದ ಲೆಕ್ಕವಿಲ್ಲದಷ್ಟು ಹೆಂಗಸರ ಗತಿ ಇದೇ. ಬ್ಲ್ಯಾಕ್‌ವೆಲ್ ಹೆಂಗಸರು ಇದರಿಂದ ಪಾರಾದದ್ದು ಸರ್ಕಾರದ ಕೃಪೆಯಿಂದಲ್ಲ. ಅವರು ಕಾಗದ ಬರೆದರು, ಬಂದ ಕಾಗದವನ್ನು ಎತ್ತಿಟ್ಟರು, ಮತ್ತು ಐವರು ಅಕ್ಕತಂಗಿಯರಲ್ಲಿ ಒಬ್ಬಳೂ ಮದುವೆಯಾಗಲಿಲ್ಲ.

ನ್ಯೂಯಾರ್ಕ್‌ನಲ್ಲಿ ಸ್ಯಾಮ್ಯುಯೆಲ್ ಮತ್ತೆ ಸಕ್ಕರೆ ಕಾರ್ಖಾನೆ ಹಾಕಿದ. ಗುಲಾಮಗಿರಿ ವಿರೋಧಿ ಪತ್ರಕರ್ತ ವಿಲಿಯಂ ಲಾಯ್ಡ್ ಗ್ಯಾರಿಸನ್ ಮನೆಗೆ ಬಂದುಹೋಗುವವನಾದ. 1836ರಲ್ಲಿ ಅಲ್ಲಿನ ಕಾರ್ಖಾನೆಗೂ ಬೆಂಕಿ ಬಿತ್ತು. ಮರುವರ್ಷ ದೇಶದ ಬ್ಯಾಂಕುಗಳೇ ತತ್ತರಿಸಿದವು. 1838ರ ಮೇ ತಿಂಗಳಲ್ಲಿ ಸಂಸಾರ ಓಹಾಯೋ ನದಿ ದಂಡೆಯ ಸಿನ್ಸಿನಾಟಿಗೆ ಹೊರಟಿತು. ಅಲ್ಲಿ ಕಾಲಿಟ್ಟು ಮೂರು ತಿಂಗಳಿಗೆ, ಆಗಸ್ಟ್ 7ರಂದು, ಸ್ಯಾಮ್ಯುಯೆಲ್ ಜ್ವರದಿಂದ ತೀರಿಕೊಂಡ. ಕೈಯಲ್ಲಿ ಉಳಿದದ್ದು ಇಪ್ಪತ್ತು ಡಾಲರ್ ಎಂದು ಮನೆಯವರು ಮುಂದೆ ಹೇಳಿಕೊಳ್ಳುತ್ತಿದ್ದರು.

ಬ್ಲ್ಯಾಕ್‌ವೆಲ್ ಕಥೆಯ ನಿಜವಾದ ತಿರುವು ಇರುವುದು ಇಲ್ಲಿ, ಎಲಿಜಬೆತ್‌ಳ ಪದವಿ ಸಮಾರಂಭದಲ್ಲಲ್ಲ. ಪರದೇಶ, ಪರಿಚಯವಿಲ್ಲದ ಊರು, ಗಂಡ ಸತ್ತ ಹೆಂಗಸು, ಪುಟ್ಟ ಹುಡುಗನಿಂದ ಹಿಡಿದು ಹರೆಯದವರವರೆಗೆ ಮಕ್ಕಳು. ಹಿರಿಯ ಹೆಣ್ಣುಮಕ್ಕಳಾದ ಆ್ಯನಾ, ಮೇರಿಯನ್, ಎಲಿಜಬೆತ್ ಮೂವರೂ ಅತ್ತೆ ಮೇರಿಯನ್ನು ಕಟ್ಟಿಕೊಂಡು ಕೆಲವೇ ವಾರಗಳಲ್ಲಿ ಮನೆಯಲ್ಲೇ ಹೆಣ್ಣುಮಕ್ಕಳ ಶಾಲೆ ತೆರೆದರು. ಎಲಿಜಬೆತ್‌ಗೆ ಆಗ ಹದಿನೇಳು. ತಮ್ಮಂದಿರಾದ ಸ್ಯಾಮ್ ಮತ್ತು ಹೆನ್ರಿ ಗುಮಾಸ್ತಿಕೆಗೆ ಸೇರಿದರು. ಪಾಠ ಹೇಳುವುದೆಂದರೆ ಎಲಿಜಬೆತ್‌ಗೆ ಆಗದು, ಆದರೂ ಹೇಳಿದಳು. ಶಾಲೆಯ ಆದಾಯದಿಂದಲೇ ಕಿರಿಯರು ಹೊಟ್ಟೆ ತುಂಬಿಸಿಕೊಂಡದ್ದು. ದುಡಿದು ಮನೆ ನಡೆಸಿದ ಹೆಣ್ಣುಮಕ್ಕಳಿಗೆ ತಮ್ಮ ಬದುಕಿನ ತೀರ್ಮಾನ ತಾವೇ ಮಾಡಬಹುದೆಂಬ ಧೈರ್ಯ ಬಂದದ್ದು ಈ ಬಡತನದ ವರ್ಷಗಳಲ್ಲೇ ಇರಬೇಕು. ಉಪದೇಶ ಕೇಳಿ ಬರುವ ಧೈರ್ಯವಲ್ಲ ಅದು.

ವೈದ್ಯಳಾಗುವ ಯೋಚನೆಯೂ ಎಲಿಜಬೆತ್‌ಳದಲ್ಲ. ಸಾವಿನ ಅಂಚಿನಲ್ಲಿದ್ದ ಗೆಳತಿಯೊಬ್ಬಳು, ಹೆಂಗಸೇ ವೈದ್ಯಳಾಗಿದ್ದಿದ್ದರೆ ನನ್ನ ಯಾತನೆ ಎಷ್ಟೋ ಕಡಿಮೆಯಾಗುತ್ತಿತ್ತು, ನೀನ್ಯಾಕೆ ಓದಬಾರದು ಎಂಬರ್ಥದ ಮಾತಾಡಿದಳು. ಎಲಿಜಬೆತ್‌ಗೆ ದೇಹದ ವಿಷಯವೆಂದರೇ ಹೇಸಿಗೆ. ಶಾಲೆಯಲ್ಲಿ ಕಣ್ಣಿನ ರಚನೆ ತೋರಿಸಲೆಂದು ಟೀಚರು ಕೊಬ್ಬಿನ ಮೆತ್ತೆಯ ಮೇಲಿದ್ದ ಎತ್ತಿನ ಕಣ್ಣುಗುಡ್ಡೆ ತಂದಾಗ ಹೊಟ್ಟೆ ತೊಳಸಿದ್ದನ್ನು ಆಕೆ ಮುದಿವಯಸ್ಸಿನಲ್ಲೂ ಮರೆತಿರಲಿಲ್ಲ. ಅದೇ ಊರಿನಲ್ಲಿದ್ದ ಹ್ಯಾರಿಯೆಟ್ ಬೀಚರ್ ಸ್ಟೋವ್ ಬಳಿ ಸಲಹೆ ಕೇಳಿದಳು. ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆಯಲು ಇನ್ನೂ ಕೆಲವು ವರ್ಷಗಳಿದ್ದ ಸ್ಟೋವ್, ವಿಚಾರ ಒಳ್ಳೆಯದೇ, ಆದರೆ ನಡೆಯುವಂಥದ್ದಲ್ಲ ಎಂದಳು.

ನಡೆಸಬೇಕಾದರೆ ದುಡ್ಡು ಬೇಕು. ಮನೆಯ ಲೆಕ್ಕದ ಪುಸ್ತಕದಲ್ಲಿ ಮುಜುಗರದ ಪುಟ ಬರುವುದು ಇಲ್ಲಿ. 1844ರಲ್ಲಿ ಎಲಿಜಬೆತ್ ಪಾಠ ಹೇಳಲು ಹೋದದ್ದು ಕೆಂಟಕಿಯ ಹೆಂಡರ್ಸನ್‌ಗೆ, ನಂತರ ಉತ್ತರ ಕ್ಯಾರೊಲಿನಾದ ಆ್ಯಶ್‌ವಿಲ್‌ಗೆ, ಆಮೇಲೆ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ಗೆ. ಮೂರೂ ಗುಲಾಮಗಿರಿಯ ನಾಡುಗಳು. ಗುಲಾಮರ ಸೇವೆಯಲ್ಲಿ ಬೆಳೆದ ಶ್ರೀಮಂತರ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸಿ ಬಂದ ಸಂಬಳವನ್ನು ಕೂಡಿಟ್ಟೇ ಆಕೆ ವೈದ್ಯಕೀಯ ಕಾಲೇಜಿಗೆ ದಾರಿ ಮಾಡಿಕೊಂಡಳು. ವೈದ್ಯಕೀಯ ಪುಸ್ತಕಗಳು ಕೈಗೆ ಸಿಕ್ಕಿದ್ದೂ ಅಲ್ಲಿನ ಆಶ್ರಯದಾತ ವೈದ್ಯರ ಮನೆಗಳಲ್ಲೇ. ಸುತ್ತಲಿನ ಗುಲಾಮಗಿರಿ ಕಂಡು ಹೆಂಡರ್ಸನ್‌ನಲ್ಲಿ ಆಕೆಗೆ ಉಸಿರು ಕಟ್ಟಿದಂತಾಗಿ ಬೇಗನೆ ಬಿಟ್ಟು ಬಂದದ್ದೂ ನಿಜ. ಅಪ್ಪನ ಸಕ್ಕರೆಯ ಇಕ್ಕಟ್ಟು ಮಗಳ ಶುಲ್ಕಕ್ಕೂ ಬಂದು ತಗುಲಿಕೊಂಡಿತು. ಆಕೆಯ ಸಾಧನೆ ಇದರಿಂದ ಸಣ್ಣದಾಗುವುದಿಲ್ಲ, ಆದರೆ ಶಾಲಾ ಪುಸ್ತಕದ ಕಥೆಯಲ್ಲಿ ಈ ಪುಟ ಇಲ್ಲದಿರುವುದು ಸರಿಯಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಭಾಗ, ಬೇಗ ಹೇಳಿ ಮುಗಿಸಬಹುದು. ಇಪ್ಪತ್ತಕ್ಕೂ ಹೆಚ್ಚು ಕಾಲೇಜುಗಳು ಆಗುವುದಿಲ್ಲ ಎಂದವು. ನ್ಯೂಯಾರ್ಕ್ ರಾಜ್ಯದ ಪುಟ್ಟ ಊರು ಜಿನೀವಾದ ಕಾಲೇಜು ತೀರ್ಮಾನವನ್ನು ವಿದ್ಯಾರ್ಥಿಗಳ ತಲೆಗೆ ಕಟ್ಟಿತು. ಯಾರೋ ತಮಾಷೆ ಮಾಡುತ್ತಿದ್ದಾರೆಂದುಕೊಂಡ ಹುಡುಗರು ಹೋ ಎಂದು ಒಕ್ಕೊರಲಿನಿಂದ ಒಪ್ಪಿಬಿಟ್ಟರು. 1847ರ ನವೆಂಬರ್‌ನಲ್ಲಿ ಆಕೆ ನಿಜವಾಗಿಯೂ ಬಂದು ತರಗತಿಯಲ್ಲಿ ಕೂತಾಗ ತಬ್ಬಿಬ್ಬಾದರು. 1849ರ ಜನವರಿ 23ರಂದು ಚರ್ಚಿನಲ್ಲಿ ಪದವಿ ಪ್ರದಾನ. ಗಂಡಸರ ಮೆರವಣಿಗೆಯಲ್ಲಿ ಹೆಣ್ಣುಮಗಳು ನಡೆಯುವುದು ಮರ್ಯಾದೆಯಲ್ಲವೆಂದು ಎಲಿಜಬೆತ್ ಅದರಲ್ಲಿ ಸೇರಲಿಲ್ಲ. ಕಪ್ಪು ರೇಷ್ಮೆ ಉಡುಪು ತೊಟ್ಟು ತಮ್ಮ ಹೆನ್ರಿಯ ಜೊತೆ ಚರ್ಚಿಗೆ ಬಂದಳು. ಊರ ಹೆಂಗಸರು ಕಿಕ್ಕಿರಿದು ತುಂಬಿದ್ದರು. ಆ ದಿನದ ಚಿತ್ರ ಇಷ್ಟು ಸ್ಪಷ್ಟವಾಗಿ ಉಳಿದಿರುವುದಕ್ಕೆ ಹೆನ್ರಿ ಮನೆಗೆ ಬರೆದ ಕಾಗದವೇ ಮುಖ್ಯ ಕಾರಣ. ಪದವಿ ಅಕ್ಕನದು, ದಾಖಲೆ ತಮ್ಮನದು.

ಆಕೆಯ ಪ್ರಬಂಧದ ವಿಷಯದ ಕಡೆ ಯಾರೂ ಅಷ್ಟಾಗಿ ಗಮನ ಕೊಡುವುದಿಲ್ಲ. ಅದು ಟೈಫಸ್ ಜ್ವರ, ಅಂದಿನ ಜನರ ಬಾಯಲ್ಲಿ ಹಡಗು ಜ್ವರ. 1848ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದ ಬ್ಲಾಕ್‌ಲಿ ಬಡವರ ಆಸ್ಪತ್ರೆಯಲ್ಲಿ ಕೆಲಸ ಕಲಿಯುವಾಗ, ಬರಗಾಲದ ಐರ್ಲೆಂಡಿನಿಂದ ತಪ್ಪಿಸಿಕೊಂಡು ಬಂದವರು ಆ ಜ್ವರದಿಂದ ನೆಲದ ಮೇಲೆಲ್ಲ ಮಲಗಿದ್ದನ್ನು ಕಂಡಿದ್ದಳು. ಕಾಲರಾ ಹಡಗಿನಲ್ಲಿ ಬಂದ ಹುಡುಗಿ ಜ್ವರದ ಹಡಗುಗಳಲ್ಲಿ ಬಂದವರ ಮೇಲೆ ಬರೆದಳು. ಗಾಳಿ, ಶುಚಿ, ಒಳ್ಳೆಯ ಆಹಾರ ಎಂಬ ಪಟ್ಟನ್ನು ಸಾಯುವವರೆಗೂ ಬಿಡಲಿಲ್ಲ. ಆ ಪಟ್ಟು ಅತಿಯಾಗಿ, ಲಸಿಕೆಯನ್ನೂ ರೋಗಾಣು ಸಿದ್ಧಾಂತವನ್ನೂ ಅನುಮಾನದಿಂದ ನೋಡುವ ಮಟ್ಟಕ್ಕೆ ಹೋಯಿತು ಎಂಬುದನ್ನೂ ಹೇಳಲೇಬೇಕು.

ಪದವಿಯ ನಂತರ ಪ್ಯಾರಿಸ್ಸಿನ ‘ಲಾ ಮ್ಯಾಟರ್ನಿಟೆ’ ಹೆರಿಗೆ ಆಸ್ಪತ್ರೆ. 1849ರ ನವೆಂಬರ್ 4ರಂದು ಬೆಳಗಿನ ಮಬ್ಬಿನಲ್ಲಿ ಕೀವು ತುಂಬಿದ ಕಣ್ಣಿನ ಕೂಸೊಂದಕ್ಕೆ ಪಿಚಕಾರಿಯಿಂದ ಕಣ್ಣು ತೊಳೆಯುತ್ತಿದ್ದಾಗ ಆ ನೀರು ಆಕೆಯ ಎಡಗಣ್ಣಿಗೇ ಸಿಡಿಯಿತು. ಕಣ್ಣು ಹೋಯಿತು. ಶಸ್ತ್ರವೈದ್ಯಳಾಗುವ ಆಸೆಯೂ ಅದರೊಂದಿಗೆ ಹೋಯಿತು. ಆಗ ಪ್ಯಾರಿಸ್ಸಿನಲ್ಲಿ ಜೊತೆಗಿದ್ದವಳು ಅಕ್ಕ ಆ್ಯನಾ. ಕೈಬಿಟ್ಟ ಕನಸನ್ನು ಎತ್ತಿಕೊಂಡವಳು ತಂಗಿ ಎಮಿಲಿ. ಎಮಿಲಿಗೆ ಜಿನೀವಾ ಕೂಡ ಬಾಗಿಲು ತೆಗೆಯಲಿಲ್ಲ. ಒಬ್ಬ ಬ್ಲ್ಯಾಕ್‌ವೆಲ್ ಸಾಕು ಅನ್ನಿಸಿತ್ತೋ ಏನೋ. ಶಿಕಾಗೋದ ರಶ್ ಕಾಲೇಜು ಒಂದು ವರ್ಷ ಸೇರಿಸಿಕೊಂಡು, ರಾಜ್ಯದ ವೈದ್ಯರ ಸಂಘ ಗದರಿದ ಮೇಲೆ ಹೊರಗೆ ಕಳಿಸಿತು. ಕೊನೆಗೆ 1854ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಪದವಿ. ಮೊದಲಿಗಳಿಗೆ ತಮಾಷೆಯಾಗಿ ತೆರೆದ ಬಾಗಿಲು ಎರಡನೆಯವಳಿಗೆ ಗಂಭೀರವಾಗಿಯೇ ಮುಚ್ಚಿತು. ಎಮಿಲಿಯ ಹೋರಾಟವೇ ಹೆಚ್ಚು ಕಠಿಣವಾಗಿತ್ತು ಎನ್ನಲು ಇಷ್ಟು ಸಾಕು, ಆದರೂ ಅಂಚೆಚೀಟಿಯಲ್ಲಿ ಆಕೆಗೆ ಜಾಗವಿಲ್ಲ.

1851ರಲ್ಲಿ ನ್ಯೂಯಾರ್ಕಿಗೆ ಮರಳಿದ ಎಲಿಜಬೆತ್‌ಗೆ ಬಾಡಿಗೆಗೆ ಕೋಣೆ ಸಿಗಲಿಲ್ಲ. ಆ ಊರಿನಲ್ಲಿ ‘ವೈದ್ಯೆ’ ಎಂದರೆ ಗುಟ್ಟಾಗಿ ಗರ್ಭ ತೆಗೆಯುವವಳು ಎಂದು ಜನ ತಿಳಿಯುತ್ತಿದ್ದರು. ಹಾಗೆ ತಿಳಿಯುವಂತೆ ಮಾಡಿದ್ದು ಪತ್ರಿಕೆಗಳಲ್ಲಿ ಜಾಹೀರಾತು ಹಾಕಿ ಹೆಸರು ಮಾಡಿದ್ದ ‘ಮೇಡಂ ರೆಸ್ಟೆಲ್’. ಫ್ರೆಂಚ್ ಹೆಸರಿನ ಈ ಮೇಡಂ ಯಾರು? ಬ್ರಿಸ್ಟಲ್‌ಗೆ ಹೆಚ್ಚು ದೂರವಿಲ್ಲದ, ಗ್ಲಾಸ್ಟರ್‌ಶೈರಿನ ಪೇನ್ಸ್‌ವಿಕ್ ಎಂಬ ಹಳ್ಳಿಯಲ್ಲಿ 1812ರಲ್ಲಿ ಹುಟ್ಟಿದ ಆ್ಯನ್ ಟ್ರೋ. ಕೂಲಿಯವನ ಮಗಳು, ಹದಿಹರೆಯದಲ್ಲೇ ಮನೆಗೆಲಸಕ್ಕೆ ಸೇರಿ, ದರ್ಜಿಯೊಬ್ಬನನ್ನು ಮದುವೆಯಾಗಿ, 1831ರಲ್ಲಿ ನ್ಯೂಯಾರ್ಕಿಗೆ ಬಂದಿಳಿದವಳು. ಬ್ಲ್ಯಾಕ್‌ವೆಲ್‌ಗಳಿಗಿಂತ ಒಂದು ವರ್ಷ ಮೊದಲು! ಗಂಡ ಬೇಗನೆ ಸತ್ತ, ಕೈಯಲ್ಲೊಂದು ಹೆಣ್ಣುಕೂಸು. ಹೊಲಿಗೆಯಿಂದ ಹೊಟ್ಟೆ ತುಂಬಲಿಲ್ಲ. ಮೊದಲು ಗುಳಿಗೆ ಮಾರಿದಳು, ಆಮೇಲೆ ಗರ್ಭಪಾತದ ದಂಧೆಗಿಳಿದು ಫಿಫ್ತ್ ಅವೆನ್ಯೂನಲ್ಲಿ ಬಂಗಲೆ ಕಟ್ಟಿಸುವಷ್ಟು ಗಳಿಸಿದಳು.

ಇಬ್ಬರು ಹೆಂಗಸರೂ ಇಂಗ್ಲೆಂಡಿನ ಒಂದೇ ಸೀಮೆಯವರು, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಒಂದೇ ಬಂದರಿಗೆ ಬಂದವರು. ಇಬ್ಬರ ಬಳಿಗೂ ಬರುತ್ತಿದ್ದುದು ಗಂಡಸು ವೈದ್ಯರ ಬಳಿ ಬಾಯಿಬಿಡಲಾಗದ ಹೆಂಗಸರು. ಎಲಿಜಬೆತ್ ಮಾತ್ರ ರೆಸ್ಟೆಲ್‌ಳನ್ನು ವೈದ್ಯವೃತ್ತಿಗೆ ಹತ್ತಿದ ಕಳಂಕವೆಂದೇ ಬಗೆದಳು. ಎಲಿಜಬೆತ್‌ಳ ಬೆನ್ನಿಗೆ ಓದಿದ ಅಕ್ಕತಂಗಿಯರಿದ್ದರು, ಕಾಗದ ಬರೆಯುವ ತಮ್ಮಂದಿರಿದ್ದರು. ಟ್ರೋಗೆ ಯಾರಿದ್ದರು? ಆಕೆಯ ಚರಿತ್ರೆಯನ್ನು ಬರೆದವರು ಪೊಲೀಸರು, ವಕೀಲರು, ಆಕೆಯನ್ನು ರಾಕ್ಷಸಿಯೆಂದು ಚಿತ್ರಿಸಿದ ಪತ್ರಿಕೆಗಳು. 1847ರಲ್ಲಿ ನ್ಯಾಯಾಲಯ ಆಕೆಗೆ ಒಂದು ವರ್ಷದ ಸಜೆ ಕೊಟ್ಟಿತು. ಕಳಿಸಿದ ಜೈಲಿದ್ದುದು ಬ್ಲ್ಯಾಕ್‌ವೆಲ್ ಎಂಬ ಹೆಸರಿನ ದ್ವೀಪದಲ್ಲಿ. (ಸಕ್ಕರೆ ಮನೆತನಕ್ಕೂ ಆ ದ್ವೀಪಕ್ಕೂ ನಂಟಿಲ್ಲ, ಹೆಸರು ಒಂದೇ ಅಷ್ಟೆ.) 1878ರಲ್ಲಿ ನೈತಿಕತೆಯ ಕಾವಲುಗಾರ ಆ್ಯಂಟನಿ ಕಾಮ್‌ಸ್ಟಾಕ್ ಗಿರಾಕಿಯ ವೇಷದಲ್ಲಿ ಬಂದು ಆಕೆಯನ್ನು ಹಿಡಿಸಿದ. ವಿಚಾರಣೆಗೆ ಹಾಜರಾಗಬೇಕಿದ್ದ ಏಪ್ರಿಲ್ 1ರ ಬೆಳಿಗ್ಗೆ ಸ್ನಾನದ ತೊಟ್ಟಿಯಲ್ಲಿ ಆಕೆಯ ಹೆಣ ಸಿಕ್ಕಿತು. ಆಕೆ ಮಾಡಿದ್ದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಒಂದೇ ಕಡಲು ದಾಟಿದ ಇಬ್ಬರಲ್ಲಿ ಒಬ್ಬಳ ಬಾಲ್ಯದ ತಂಟೆಗಳು ಕೂಡ ನಮಗೆ ಗೊತ್ತು, ಇನ್ನೊಬ್ಬಳ ಬಗ್ಗೆ ಗೊತ್ತಿರುವುದು ಹೆಚ್ಚಾಗಿ ಶತ್ರುಗಳ ಮಾತು.

ಬಾಡಿಗೆ ಸಿಗದ ಎಲಿಜಬೆತ್ ಸಾಲ ಮಾಡಿ ಮನೆ ಕೊಂಡಳು. 1853ರಲ್ಲಿ ಬಡವರ ಕೇರಿಯಲ್ಲಿ ಚಿಕ್ಕ ದವಾಖಾನೆ, 1857ರ ಮೇ 12ರಂದು ಬ್ಲೀಕರ್ ಬೀದಿಯ 64ನೇ ನಂಬರಿನ ಮನೆಯಲ್ಲಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ. ಜೊತೆಗೆ ಎಮಿಲಿ ಮತ್ತು ಬರ್ಲಿನ್‌ನಿಂದ ಬಂದ ಸೂಲಗಿತ್ತಿ, ಅಷ್ಟರಲ್ಲಿ ವೈದ್ಯಳಾಗಿದ್ದ ಮರೀ ಜಾಕ್‌ಶೆವ್‌ಸ್ಕಾ. ಮೂವರೂ ವಲಸಿಗರು, ರೋಗಿಗಳೂ ಬಹುಪಾಲು ವಲಸಿಗರು. 1868ರಲ್ಲಿ ಅದರ ಜೊತೆಗೆ ಹೆಣ್ಣುಮಕ್ಕಳ ವೈದ್ಯಕೀಯ ಕಾಲೇಜು. ಮರುವರ್ಷವೇ ಎಲಿಜಬೆತ್ ಇಂಗ್ಲೆಂಡಿಗೆ ಹೊರಟುಹೋದಳು, ಮತ್ತೆ ನೆಲೆಸಲು ಬರಲಿಲ್ಲ. ಕಾಲೇಜನ್ನು ಮೂವತ್ತು ವರ್ಷ ನಡೆಸಿದವಳು, ಚಂದಾ ಎತ್ತಿದವಳು, ಶಸ್ತ್ರಚಿಕಿತ್ಸೆ ಮಾಡಿದವಳು, ಮುನ್ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ವೈದ್ಯರನ್ನಾಗಿ ಮಾಡಿ ಕಳಿಸಿದವಳು ಎಮಿಲಿ. ಕಾರ್ನೆಲ್ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳತೊಡಗಿದ ಮೇಲೆ 1899ರಲ್ಲಿ ಕಾಲೇಜನ್ನು ಮುಚ್ಚಿದವಳೂ ಅವಳೇ.

ಉಳಿದವರೂ ಸುಮ್ಮನೆ ಕೂತಿರಲಿಲ್ಲ. ಆ್ಯನಾ ಪ್ಯಾರಿಸ್ಸಿನಲ್ಲಿದ್ದು ಪತ್ರಿಕೆಗಳಿಗೆ ಬರೆದಳು. ಜಾರ್ಜ್ ಸ್ಯಾಂಡ್‌ಳ ಕಾದಂಬರಿಯನ್ನೂ ಪ್ರೇತಾತ್ಮವಾದಿ ಅಲನ್ ಕಾರ್ಡೆಕ್‌ನ ಗ್ರಂಥವನ್ನೂ ಇಂಗ್ಲಿಷಿಗೆ ತಂದಳು. ತಂಗಿ ಎಲೆನ್ ಚಿತ್ರಕಲಾವಿದೆ, ಲೇಖಕಿ. ತಮ್ಮಂದಿರು ಮನೆಗೆ ಕರೆತಂದ ಸೊಸೆಯರಂತೂ ಒಬ್ಬರನ್ನೊಬ್ಬರು ಮೀರಿಸುವವರು. ಹೆನ್ರಿಯ ಕೈಹಿಡಿದ ಲೂಸಿ ಸ್ಟೋನ್ 1855ರ ಮೇ 1ರಂದು ಮದುವೆಯ ಹೊತ್ತಿನಲ್ಲೇ, ಹೆಂಡತಿಯ ಆಸ್ತಿ ಮತ್ತು ದೇಹದ ಮೇಲೆ ಗಂಡನಿಗೆ ಹಕ್ಕು ಕೊಡುವ ಕಾನೂನುಗಳನ್ನು ಧಿಕ್ಕರಿಸುವ ಹೇಳಿಕೆಗೆ ಗಂಡನೊಂದಿಗೆ ಸಹಿ ಹಾಕಿದಳು. ತವರಿನ ಹೆಸರನ್ನು ಬಿಡಲೇ ಇಲ್ಲ. 1879ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಶಾಲಾ ಸಮಿತಿಯ ಚುನಾವಣೆಯಲ್ಲಿ ಹೆಂಗಸರಿಗೆ ಮತ ಕೊಟ್ಟಾಗ, ಬ್ಲ್ಯಾಕ್‌ವೆಲ್ ಎಂದು ಬರೆಸದ ಕಾರಣಕ್ಕೆ ಲೂಸಿಯ ಹೆಸರು ಪಟ್ಟಿಗೆ ಸೇರಲಿಲ್ಲ. ಸ್ಯಾಮ್ ಮದುವೆಯಾದ ಆಂಟೊನೆಟ್ ಬ್ರೌನ್ 1853ರಲ್ಲೇ ಚರ್ಚೊಂದರ ಪಾದ್ರಿಯಾಗಿ ದೀಕ್ಷೆ ಪಡೆದಿದ್ದವಳು. 1920ರಲ್ಲಿ ಅಮೆರಿಕದ ಹೆಂಗಸರಿಗೆ ಮತದ ಹಕ್ಕು ಬಂದಾಗ ಅವಳಿಗೆ ತೊಂಬತ್ತೈದು. ಹೋಗಿ ಮತ ಹಾಕಿ ಬಂದಳು.

ಇಷ್ಟೆಲ್ಲ ಬಿರುದುಗಳ ನಡುವೆ ಎರಡು ಹೆಸರುಗಳ ಮುಂದೆ ಬಿರುದಿಲ್ಲ. ಒಂದು ಮೇರಿಯನ್. ಆರೋಗ್ಯ ನೆಟ್ಟಗಿರಲಿಲ್ಲ. ಮನೆ, ತಾಯಿ, ಬಂದುಹೋಗುವವರು ಎಂದೇ ಆಕೆಯ ವರ್ಷಗಳು ಕಳೆದವು. ಆಕೆ ಯಾವುದರಲ್ಲೂ ‘ಮೊದಲಿಗಳು’ ಆಗಲಿಲ್ಲ. ಹಾಗಾಗಿ ಆಕೆಯ ಮೇಲೆ ಪುಸ್ತಕ ಬರಲಿಲ್ಲ.

ಇನ್ನೊಂದು ಕಿಟ್ಟಿ ಬ್ಯಾರಿ. 1854ರಲ್ಲಿ ಎಲಿಜಬೆತ್ ನ್ಯೂಯಾರ್ಕಿನ ರ‍್ಯಾಂಡಲ್ಸ್ ದ್ವೀಪದ ಅನಾಥಾಲಯದಿಂದ ಏಳರ ಆಸುಪಾಸಿನ ಈ ಐರಿಷ್ ಹುಡುಗಿಯನ್ನು ಕರೆತಂದಳು. ಒಂಟಿತನ ಒಂದು ಕಾರಣ, ಮನೆಗೆಲಸಕ್ಕೊಂದು ಕೈ ಬೇಕಿತ್ತೆಂಬುದು ಇನ್ನೊಂದು. ಎರಡನ್ನೂ ಎಲಿಜಬೆತ್ ತನ್ನ ಬರಹಗಳಲ್ಲಿ ಮುಚ್ಚಿಟ್ಟಿಲ್ಲ. ಕಿಟ್ಟಿ ಅರ್ಧ ಮಗಳು, ಅರ್ಧ ಕೆಲಸದವಳಾಗಿ ಬೆಳೆದಳು. ವೈದ್ಯರೆಂದರೆ ಹೆಂಗಸರೇ ಎಂದುಕೊಂಡಿದ್ದ ಮಗು, ಮನೆಗೆ ಬಂದ ಗಂಡಸೊಬ್ಬನನ್ನು ಡಾಕ್ಟರ್ ಎಂದು ಕರೆದದ್ದು ಕೇಳಿ ಬೆರಗಾದ ಪ್ರಸಂಗವನ್ನು ಎಲಿಜಬೆತ್ ತನ್ನ 1895ರ ಆತ್ಮಕಥೆಯಲ್ಲಿ ಹೆಮ್ಮೆಯಿಂದ ಹೇಳುತ್ತಾಳೆ. ಹೆಮ್ಮೆ ಪಡುವಂಥದ್ದೇ. ಆದರೆ ಆ ಮಗುವಿನ ಗೆಳೆತನ, ಮದುವೆಯ ಬಗ್ಗೆ ಅಷ್ಟೇ ಕಾಳಜಿ ವಹಿಸಿದಳೆನ್ನಲು ಆಧಾರ ಸಿಗುವುದಿಲ್ಲ. ಕಿವಿ ಸ್ವಲ್ಪ ಮಂದವಿದ್ದ, ನಾಚಿಕೆ ಸ್ವಭಾವದ ಕಿಟ್ಟಿ ಇಂಗ್ಲೆಂಡಿಗೂ ಜೊತೆ ಹೋದಳು. ಹೇಸ್ಟಿಂಗ್ಸ್‌ನ ಮನೆಯಲ್ಲಿ 1910ರ ಮೇ 31ರಂದು ಎಲಿಜಬೆತ್ ತೀರಿಕೊಳ್ಳುವವರೆಗೂ ಜೊತೆಗಿದ್ದಳು. ಒಂದು ಕಾಲದಲ್ಲಿ ಕಾಲೇಜುಗಳ ಬಾಗಿಲು ಬಡಿದವಳು ತನ್ನ ಮನೆಯೊಳಗಿನ ಹುಡುಗಿಗೆ ಯಾವ ಬಾಗಿಲು ತೆರೆದಳು ಎಂಬ ಪ್ರಶ್ನೆಯನ್ನು ಎಲಿಜಬೆತ್‌ಳ ಅಭಿಮಾನಿಗಳು ಎದುರಿಸಲೇಬೇಕು.

ಕೊನೆಗಾಲದಲ್ಲಿ ಕಿಟ್ಟಿಯನ್ನು ಅಮೆರಿಕಕ್ಕೆ ಕರೆಸಿಕೊಂಡು ನೋಡಿಕೊಂಡವಳು ಲೂಸಿ ಮತ್ತು ಹೆನ್ರಿಯ ಮಗಳು ಆಲಿಸ್ ಸ್ಟೋನ್ ಬ್ಲ್ಯಾಕ್‌ವೆಲ್. ಮನೆಯ ಕಾಗದಪತ್ರಗಳನ್ನು ಕಾಪಾಡಿ ಮುಂದಿನವರ ಕೈಗೆ ತಲುಪಿಸಿದ್ದರಲ್ಲೂ ಅವಳ ಪಾಲು ದೊಡ್ಡದು. ಅವು ಈಗ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಹಾರ್ವರ್ಡ್‌ನ ಶ್ಲೆಸಿಂಜರ್ ಗ್ರಂಥಾಲಯಗಳಲ್ಲಿವೆ. ಶ್ಲೆಸಿಂಜರ್‌ನವರು ತಮ್ಮಲ್ಲಿರುವುದನ್ನು ಅಂತರ್ಜಾಲಕ್ಕೂ ಏರಿಸಿದ್ದಾರೆ. 2021ರಲ್ಲಿ ಜಾನಿಸ್ ನಿಮುರಾ ಎಲಿಜಬೆತ್ ಮತ್ತು ಎಮಿಲಿ ಇಬ್ಬರನ್ನೂ ಒಂದೇ ಪುಸ್ತಕದಲ್ಲಿ ಜೋಡಿಯಾಗಿ ನಿಲ್ಲಿಸಿದರು, ಪುಲಿಟ್ಜರ್ ಅಂತಿಮ ಪಟ್ಟಿಗೂ ಅದು ಬಂತು. ಒಬ್ಬಳಿದ್ದ ಕಡೆ ಇಬ್ಬರಾದರು. ಹ್ಯಾನಾ, ಮೇರಿಯನ್ ಮತ್ತು ಕಿಟ್ಟಿಯನ್ನು ನಡುವಿಗಿಟ್ಟು ಇದೇ ಕಥೆ ಹೇಳುವ ಪುಸ್ತಕವನ್ನು ಇನ್ನು ಯಾರಾದರೂ ಬರೆಯಬೇಕು. ಅದಕ್ಕೆ ಬೇಕಾದ ಕಾಗದಗಳು ಅದೇ ಪೆಟ್ಟಿಗೆಗಳಲ್ಲಿವೆ.